ಆಲೆಮನೆಯಿಂದ ಹೂಡಿಕೆದಾರರ ಸಮ್ಮೇಳನಕ್ಕೆ: ಮಂಡ್ಯದ ಒಂದು ಸ್ಟಾರ್ಟಪ್‌ನ ಅನುಭವ

ಮಂಡ್ಯ, ಮೈಸೂರಿನಂತಹ ಊರುಗಳಲ್ಲಿ ಕುಳಿತು ಸ್ಟಾರ್ಟಪ್ ಕಟ್ಟುತ್ತಿರುವವರು ಬೆಂಗಳೂರಿನ ತಂತ್ರಜ್ಞಾನ ಸಮ್ಮೇಳನಗಳಿಗೂ ಹೂಡಿಕೆದಾರರ ಸಮಾವೇಶಗಳಿಗೂ ಹೋಗಬೇಕೇ ಎಂಬ ಪ್ರಶ್ನೆ ನಮ್ಮ ನಡುವೆ ಆಗಾಗ ಏಳುತ್ತದೆ. ಕೈಯಲ್ಲಿರುವ ಕೆಲಸ ನಿಲ್ಲಿಸಿ ಹೋಗಬೇಕು, ಸ್ಟಾಲ್‌ಗೆ ಬಾಡಿಗೆ ಕಟ್ಟಬೇಕು, ಇಡೀ ದಿನ ನಿಂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕು, ಇಷ್ಟಾದರೂ ಅಲ್ಲಿ ಯಾರೂ ಚೆಕ್ ಬರೆದುಕೊಡುವುದಿಲ್ಲ ಎಂದು ಹೋಗಿ ಬಂದವರು ಹೇಳುತ್ತಾರೆ. ಅವರು ಹೇಳುವುದೆಲ್ಲ ನಿಜ. ಆದರೂ ಹೋಗಲೇಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಉತ್ಪನ್ನಕ್ಕೆ ಹಣ ಕೊಡುವ ಗ್ರಾಹಕ ನಿಜವಾಗಿ ಯಾರು, ನಮ್ಮ ಬಗೆಯ ಕಂಪನಿಗೆ ಯಾವ ಬಗೆಯ ಬಂಡವಾಳ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ಎರಡು ಸಂಗತಿಗಳೂ ನಮಗೆ ಸ್ಪಷ್ಟವಾದದ್ದು ಮಂಡ್ಯದ ನಮ್ಮ ಕೊಠಡಿಯಲ್ಲಿ ಅಲ್ಲ, ಆ ಸಮ್ಮೇಳನಗಳ ಗದ್ದಲದಲ್ಲಿ.

ನಮ್ಮ ಕೆಲಸ ಬೆಲ್ಲಕ್ಕೆ ಸಂಬಂಧಿಸಿದ್ದು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಲ್ಲೆಲ್ಲ ಕಬ್ಬು, ಕಬ್ಬಿದ್ದಲ್ಲೆಲ್ಲ ಆಲೆಮನೆ ಎಂಬಂತಿರುವ ಜಿಲ್ಲೆ ನಮ್ಮದು. ಆಲೆಮನೆಯಲ್ಲಿ ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಕಬ್ಬಿನ ಸಿಪ್ಪೆಯನ್ನೇ ಉರಿಯಾಗಿ ಬಳಸಿ ಕಾಯಿಸುತ್ತಾರೆ. ಕೆನೆಗಟ್ಟಿದ ಕೊಳೆಯನ್ನು ತೆಗೆಯುತ್ತಾ ಹೋಗಿ, ಪಾಕ ಹದಕ್ಕೆ ಬಂದಾಗ ಇಳಿಸಿ ಅಚ್ಚಿಗೆ ಹಾಕುತ್ತಾರೆ. ಗಟ್ಟಿ ಬೆಲ್ಲಕ್ಕೆ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು. ದ್ರವರೂಪದ ಜೋನಿ ಬೆಲ್ಲಕ್ಕಾದರೆ 105ರಿಂದ 106 ಡಿಗ್ರಿ ಸಾಕು. ಈ ಹದವನ್ನು ಅನುಭವಸ್ಥರು ತಣ್ಣೀರಿಗೆ ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ ತಿಳಿಯುತ್ತಾರೆ. ಆ ಅನುಭವ ಇರುವವರು ಕಡಿಮೆಯಾಗುತ್ತಿರುವುದರಿಂದ, ಕೊಪ್ಪರಿಗೆಯ ಶಾಖವನ್ನು ಪಿಟಿ-100 ಸೆನ್ಸರ್‌ನಿಂದಲೂ ಒಲೆಯ ಶಾಖವನ್ನು ಥರ್ಮೋಕಪಲ್‌ನಿಂದಲೂ ಅಳೆದು, ಹದ ಬಂದಾಗ ದೀಪ ಉರಿಸಿ, ಒಂದೊಂದು ಪಾಕದ ದಾಖಲೆಯನ್ನೂ ರೇಡಿಯೊ ಮೂಲಕ ಮಾಲೀಕರ ಮನೆಯ ಪೆಟ್ಟಿಗೆಗೆ ಕಳುಹಿಸುವ ಉಪಕರಣವೊಂದನ್ನು ನಾನೂ ನನ್ನ ಎಂಜಿನಿಯರಿಂಗ್ ಕಾಲೇಜಿನ ಗೆಳತಿಯೂ ಸೇರಿ ಮಾಡಿದೆವು. ಪಾಂಡವಪುರದ ಕಡೆಯ ಒಂದು ಆಲೆಮನೆಯ ಯಜಮಾನರು ಮೊದಲು ನೋಡಿ, "ಬೆಲ್ಲ ಕಟ್ಟೋದು ಕಣ್ಣಳತೇಲಿ ಕಣಪ್ಪ, ಡಬ್ಬೀಲಲ್ಲ" ಎಂದರು. ಆಮೇಲೆ ಅವರೇ ತಮ್ಮ ಕೊಪ್ಪರಿಗೆಗೆ ಅದನ್ನು ಹಾಕಿಸಿಕೊಂಡರು. ಉಪಕರಣ ಕೆಲಸ ಮಾಡುತ್ತಿತ್ತು. ಅದನ್ನು ನೂರಾರು ಕಡೆ ಅಳವಡಿಸಲು ಬೇಕಾದ ಹಣ ಎಲ್ಲಿಂದ ಎಂಬುದು ಮುಂದಿನ ಪ್ರಶ್ನೆಯಾಗಿತ್ತು.

ಸಮ್ಮೇಳನಕ್ಕೆ ಹೋಗಿ ಎಂದು ನಮಗೆ ಹೇಳಿದವರು ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಮೈಸೂರಿನ ಇನ್‌ಕ್ಯುಬೇಟರ್ ಒಂದರ ಹಿರಿಯ ಮಾರ್ಗದರ್ಶಕರು. ಮೈಸೂರಿಗೆ ಈ ವಿಷಯದಲ್ಲಿ ಒಳ್ಳೆಯ ಹಿನ್ನೆಲೆಯಿದೆ: ಜಯಚಾಮರಾಜೇಂದ್ರ ಕಾಲೇಜಿನ ಆವರಣದಲ್ಲಿ ಎಸ್‌ಜೆಸಿಇ-ಸ್ಟೆಪ್ ಎಂಬ ಇನ್‌ಕ್ಯುಬೇಟರ್ ಇದೆ, ಚೆಲುವಾಂಬ ಮಹಲಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಉದ್ಯಮಿಗಳ ಜಾಲವಾದ ಟೈ ಸಂಸ್ಥೆಯ ಮೈಸೂರು ಘಟಕವಿದೆ, ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ತನ್ನ 'ಬಿಯಾಂಡ್ ಬೆಂಗಳೂರು' ಕಾರ್ಯಕ್ರಮದಲ್ಲಿ ಗುರುತಿಸಿದ ಮೊದಲ ಕ್ಲಸ್ಟರ್‌ಗಳಲ್ಲಿ ಮೈಸೂರೂ ಒಂದು. ಆ ಹಿರಿಯರು ಹೂಡಿಕೆದಾರರಿಗೆ ತೋರಿಸಲೆಂದು ಮಾಡಿದ್ದ ನಮ್ಮ ಸ್ಲೈಡ್‌ಗಳ ಡೆಕ್ ನೋಡಿ, "ನೀವಿಬ್ಬರೂ ಇದುವರೆಗೆ ನಿಮ್ಮನ್ನು ಇಷ್ಟಪಡುವವರ ಹತ್ತಿರವೇ ಇದನ್ನು ಹೇಳಿದ್ದೀರಿ. ನಿಮ್ಮ ಗುರುತೇ ಇಲ್ಲದವರ ಮುಂದೆ ಹೇಳಿ, ಅವರು ಏನು ಕೇಳುತ್ತಾರೆ ಬರೆದುಕೊಂಡು ಬನ್ನಿ" ಎಂದರು. ಹಣ ತನ್ನಿ ಎನ್ನಲಿಲ್ಲ, ಪ್ರಶ್ನೆ ತನ್ನಿ ಎಂದರು. ಅದರಿಂದಾಗಿ ನಾವು ಹೋದ ಉದ್ದೇಶವೇ ಬೇರೆಯಾಯಿತು.

ನಾವು ಆರಿಸಿಕೊಂಡದ್ದು ಬೆಂಗಳೂರು ಟೆಕ್ ಸಮಿಟ್. ರಾಜ್ಯ ಸರ್ಕಾರ 1998ರಲ್ಲಿ 'ಬೆಂಗಳೂರು ಐಟಿ ಡಾಟ್ ಕಾಮ್' ಎಂಬ ಹೆಸರಿನಲ್ಲಿ ಆರಂಭಿಸಿದ ಮೇಳ ಬೆಳೆದು ಈ ರೂಪಕ್ಕೆ ಬಂದಿದೆ. ಬಹಳ ಕಾಲ ಅರಮನೆ ಮೈದಾನದಲ್ಲಿ ನಡೆಯುತ್ತಿದ್ದ ಇದು 2025ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ನಮ್ಮ ಕಡೆಯವರಿಗೆ ಇದರಿಂದ ಒಂದು ಅನುಕೂಲವೂ ಆಯಿತು. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ, 2024ರ ನವೆಂಬರ್‌ನಲ್ಲಿ ತೆರೆದ ಮಾದಾವರ ನಿಲ್ದಾಣ ಕೇಂದ್ರದ ಬಳಿಯಲ್ಲೇ ಇಳಿಸುತ್ತದೆ. ಉಪಕರಣದ ಪೆಟ್ಟಿಗೆ, ಬ್ಯಾನರು, ಮೂರು ಬಗೆಯ ಬೆಲ್ಲದ ಮಾದರಿ ಎಲ್ಲವನ್ನೂ ಹೊತ್ತು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಹೋಗುವ ಮೊದಲು ಮಾಡಿದ ತಯಾರಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಮ್ಮೇಳನದಿಂದ ಬರಿಗೈಯಲ್ಲಿ ಬಂದೆವು ಎನ್ನುವ ಅನೇಕರನ್ನು ವಿಚಾರಿಸಿದಾಗ ಅವರು ಈ ಭಾಗವನ್ನು ಬಿಟ್ಟಿದ್ದರು ಎಂಬುದು ನನಗೆ ಗೊತ್ತಾಗಿದೆ. ಭಾಷಣಕಾರರ ಮತ್ತು ಭಾಗವಹಿಸುವ ಸಂಸ್ಥೆಗಳ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಅದರಲ್ಲಿ ವೆಂಚರ್ ಕ್ಯಾಪಿಟಲ್ ಫಂಡ್‌ಗಳ, ಅಂದರೆ ಹೊಸ ಕಂಪನಿಗಳ ಪಾಲು ಪಡೆದು ಹಣ ಹಾಕುವ ನಿಧಿಗಳ ಹೆಸರನ್ನು ಬೇರೆ ಮಾಡಿ, ಒಂದೊಂದರ ಮುಂದೆಯೂ ಮೂರು ಸಂಗತಿ ಬರೆದುಕೊಂಡೆವು: ಈವರೆಗೆ ಯಾವ ಕಂಪನಿಗಳಲ್ಲಿ ಹಣ ಹಾಕಿದ್ದಾರೆ, ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಎಷ್ಟು ಹಾಕುತ್ತಾರೆ, ಈಗಿನ ಫಂಡ್ ಯಾವ ವರ್ಷದಲ್ಲಿ ಕಟ್ಟಿದ್ದು. ಮೂರನೆಯದನ್ನು ಹೊಸಬರು ಕೇಳುವುದೇ ಇಲ್ಲ. ಫಂಡ್‌ನ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಹೊಸ ಕಂಪನಿಗಳಿಗೆ ಹಣ ಹಾಕುವುದು ಹೆಚ್ಚಾಗಿ ಮೊದಲ ನಾಲ್ಕೈದು ವರ್ಷಗಳಲ್ಲಿ, ಉಳಿದ ಅವಧಿ ಹಾಕಿದ್ದನ್ನು ಬೆಳೆಸಿ ಹಿಂದಕ್ಕೆ ಪಡೆಯುವುದಕ್ಕೆ. ಏಳನೆಯ ವರ್ಷದಲ್ಲಿರುವ ಫಂಡ್‌ನವರು ನಮ್ಮ ಮಾತನ್ನು ಎಷ್ಟೇ ಮೆಚ್ಚಿ ತಲೆಯಾಡಿಸಿದರೂ ಅವರ ಬಳಿ ಹೊಸಬರಿಗೆ ಕೊಡುವ ಹಣ ಉಳಿದಿರುವುದು ಅಪರೂಪ. ಈ ಜರಡಿಯಲ್ಲಿ ಹಿಡಿದಾಗ ನಮ್ಮ ಉದ್ದದ ಪಟ್ಟಿ ಬಹಳ ಚಿಕ್ಕದಾಯಿತು. ಕೃಷಿ ಮತ್ತು ಆಹಾರದ ಕಡೆ ಒಲವಿರುವ ಕೆಲವೇ ಹೆಸರುಗಳು ಉಳಿದವು. ಅವರಿಗೆ ಮುಂಚಿತವಾಗಿ ನಾಲ್ಕು ಸಾಲಿನ ಪತ್ರ ಬರೆದು, ನಮ್ಮ ಸ್ಟಾಲ್ ಎಲ್ಲಿದೆ ಎಂದು ತಿಳಿಸಿ, ಹತ್ತು ನಿಮಿಷ ಸಮಯ ಕೇಳಿದೆವು. ಎಲ್ಲರೂ ಉತ್ತರಿಸಲಿಲ್ಲ, ಉತ್ತರಿಸಿದವರು ಮಾತ್ರ ಹೇಳಿದ ಹೊತ್ತಿಗೆ ಬಂದರು.

ಸ್ಟಾಲ್‌ನಲ್ಲಿ ನಿಂತ ಅನುಭವವೇ ಬೇರೆ. ಬರುವವರಲ್ಲಿ ವಿದ್ಯಾರ್ಥಿಗಳಿರುತ್ತಾರೆ, ಅಧಿಕಾರಿಗಳಿರುತ್ತಾರೆ, ಸಾಫ್ಟ್‌ವೇರ್ ಮಾರಲು ಬರುವವರಿರುತ್ತಾರೆ, ಸುಮ್ಮನೆ ಬೆಲ್ಲದ ರುಚಿ ನೋಡಿ ಹೋಗುವವರೂ ಇರುತ್ತಾರೆ. ಇವರಲ್ಲಿ ಯಾರನ್ನೂ ಕಡೆಗಣಿಸಬಾರದು ಎಂದು ನಾನು ಕಲಿತದ್ದು ಒಬ್ಬ ನಿವೃತ್ತ ಆಹಾರ ವಿಜ್ಞಾನಿಯಿಂದ. ಅವರು ಫಲಕದ ಮೇಲಿನ 'ರಾಸಾಯನಿಕ ರಹಿತ ಬೆಲ್ಲಕ್ಕೆ ದಾಖಲೆ' ಎಂಬ ಸಾಲನ್ನು ಓದಿ, "ಅಲ್ಲಮ್ಮಾ, ಶಾಖದ ದಾಖಲೆ ಇದ್ದ ಮಾತ್ರಕ್ಕೆ ಹೈಡ್ರೋಸ್ ಹಾಕಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ನನ್ನ ಗೆಳತಿಯನ್ನು ಕೇಳಿದರು. ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಕೆಲವೆಡೆ ಸೋಡಿಯಂ ಹೈಡ್ರೋಸಲ್ಫೈಟನ್ನು ಬಳಸುತ್ತಾರೆ. ಅದನ್ನೇ ಆಲೆಮನೆಗಳಲ್ಲಿ ಹೈಡ್ರೋಸ್ ಎನ್ನುವುದು. ಅದು ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್‌ನ ಅಂಶ ಉಳಿಸುತ್ತದೆ. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಶುದ್ಧವಾಗಿ ಬೆಲ್ಲ ಕಟ್ಟುವವರ ಸರಕು ಕಂದುಬಣ್ಣಕ್ಕೆ ತಿರುಗಿ, ಮಾರುಕಟ್ಟೆಯಲ್ಲಿ ಹಳದಿ ಬೆಲ್ಲದ ಮುಂದೆ ಸೋಲುತ್ತದೆ. ಶಾಖದ ದಾಖಲೆ ಹದಕ್ಕೆ ಸಾಕ್ಷಿ. ಶುದ್ಧತೆಗೆ ಸಾಕ್ಷಿ ಬೇಕಾದರೆ ಪ್ರಯೋಗಾಲಯದ ಪರೀಕ್ಷೆ ಬೇಕು. ಪಾಕದ ಕ್ರಮಸಂಖ್ಯೆಗೆ ಮಾದರಿಯ ಪರೀಕ್ಷಾ ವರದಿಯನ್ನು ಜೋಡಿಸಿ, ಬೆಲ್ಲದ ಪೆಟ್ಟಿಗೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಎರಡೂ ಕಾಣುವಂತೆ ಮಾಡಿ ಎಂದು ಅವರೇ ನಿಂತಲ್ಲೇ ವಿವರಿಸಿದರು. ಅವರು ಹೂಡಿಕೆದಾರರಲ್ಲ, ಗ್ರಾಹಕರೂ ಅಲ್ಲ. ಆದರೆ ಇಂದು ನಮ್ಮ ಉತ್ಪನ್ನದ ಅರ್ಧ ಭಾಗ ಅವರ ಆ ಪ್ರಶ್ನೆಯಿಂದ ಹುಟ್ಟಿದ್ದು.

ಸಂಜೆಯಾಗುವ ಹೊತ್ತಿಗೆ ನಮ್ಮ ನೋಟ್ ಪುಸ್ತಕದಲ್ಲಿ ಒಂದು ಪ್ರಶ್ನೆ ಬೇರೆ ಬೇರೆಯವರ ಬಾಯಿಂದ ಮತ್ತೆ ಮತ್ತೆ ಬರೆಯಲ್ಪಟ್ಟಿತ್ತು: "ಇದಕ್ಕೆ ದುಡ್ಡು ಕೊಡುವವರು ಯಾರು?" ಆಲೆಮನೆಯ ಮಾಲೀಕರು ಎಂದು ನಾವು ಹೇಳಿದಾಗಲೆಲ್ಲ ಕೇಳುವವರ ಆಸಕ್ತಿ ಸ್ವಲ್ಪ ಇಳಿಯುವುದು ಮುಖದಲ್ಲೇ ಕಾಣುತ್ತಿತ್ತು. ವರ್ಷದಲ್ಲಿ ಕಬ್ಬಿನ ಹಂಗಾಮಿರುವಷ್ಟು ಕಾಲ ನಡೆದು, ಬೆಲ್ಲದ ದರ ಕುಸಿದರೆ ಒಲೆಯೇ ಆರಿಹೋಗುವ ಉದ್ಯಮದಿಂದ ಪ್ರತಿ ತಿಂಗಳು ಚಂದಾ ವಸೂಲು ಮಾಡುವುದು ಹೇಗೆ ಎಂಬುದು ಅವರ ಅನುಮಾನ. ಒಬ್ಬರು ಕೇಳಿದ್ದರೆ ಅದನ್ನು ಒಬ್ಬರ ಅಭಿಪ್ರಾಯ ಎಂದು ಬಿಡಬಹುದಿತ್ತು. ಒಂದೇ ಸೂರಿನ ಕೆಳಗೆ ಪರಸ್ಪರ ಪರಿಚಯವಿಲ್ಲದ ಅಷ್ಟೊಂದು ಜನ ಅದನ್ನೇ ಕೇಳುವುದು ಸಮ್ಮೇಳನದಲ್ಲಿ ಮಾತ್ರ ಸಾಧ್ಯ. ಇಮೇಲ್ ಕಳಿಸುತ್ತಾ ಕುಳಿತಿದ್ದರೆ ಇದು ತಿಳಿಯಲು ವರ್ಷ ಹಿಡಿಯುತ್ತಿತ್ತು.

ಅದಕ್ಕೆ ಉತ್ತರ ಸಿಕ್ಕಿದ್ದು ಪಕ್ಕದ ಸ್ಟಾಲ್‌ನಿಂದ. ಅಲ್ಲಿದ್ದವರು ಮಸಾಲೆ ಪದಾರ್ಥಗಳ ಮೂಲವನ್ನು ಗುರುತಿಸುವ ತಂತ್ರಾಂಶ ಮಾಡುವವರು. ಅವರನ್ನು ನೋಡಲು ಬಂದಿದ್ದ ರಫ್ತು ಕಂಪನಿಯೊಂದರ ಖರೀದಿ ಅಧಿಕಾರಿ ಬಿಡುವಿನಲ್ಲಿ ನಮ್ಮ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ಯಾವ ಊರಿನದು, ಯಾವ ದಿನ ಕಟ್ಟಿದ್ದು ಎಂದು ವಿಚಾರಿಸಿದರು. ನಾವು ಫೋನಿನಲ್ಲಿ ಆ ಪಾಕದ ಶಾಖದ ಗೆರೆಯನ್ನು ತೋರಿಸಿದೆವು. ಅವರು ಬಹಳ ಹೊತ್ತು ಅದನ್ನೇ ನೋಡಿ, ಹೊರದೇಶದ ಖರೀದಿದಾರರು ಒಂದೊಂದು ಸರಕಿಗೂ ಮೂಲದ ದಾಖಲೆ ಕೇಳುತ್ತಿದ್ದಾರೆ, ಬೆಲ್ಲದಲ್ಲಿ ಅದನ್ನು ಕೊಡುವವರು ತಮಗೆ ಸಿಕ್ಕಿಲ್ಲ, ದಾಖಲೆಯಿರುವ ಬೆಲ್ಲಕ್ಕೆ ಕಿಲೋಗೆ ಇಷ್ಟು ಎಂದು ಹೆಚ್ಚು ದರ ಕೊಡಲು ಸಿದ್ಧ ಎಂದರು. ಅಂದರೆ ಹಣ ಕೊಡಬೇಕಾದವರು ಬೆಲ್ಲ ಕಟ್ಟುವವರಲ್ಲ, ಕೊಳ್ಳುವವರು. ಆಲೆಮನೆಯವರಿಗೆ ಉಪಕರಣ ಉಚಿತವಾಗಿ ಹೋಗಿ, ಅವರಿಗೆ ಮೇಲುದರವೂ ಸಿಗಬೇಕು. ಮಂಡ್ಯದಲ್ಲಿ ಕುಳಿತ ನಮಗೆ ಅಂಥ ಅಧಿಕಾರಿಯ ಹೆಸರನ್ನು ಹುಡುಕುವ ದಾರಿಯೇ ಇರಲಿಲ್ಲ. ಅವರು ನಮ್ಮನ್ನು ಹುಡುಕಿ ಬಂದವರೂ ಅಲ್ಲ. ಸ್ಟಾಲ್‌ನ ಬಾಡಿಗೆ ದುಬಾರಿ ಎನ್ನುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ.

ಇನ್ನು ಹೂಡಿಕೆದಾರರ ವಿಷಯ. ಹತ್ತು ನಿಮಿಷಕ್ಕೆಂದು ಬಂದ ಫಂಡ್‌ನ ಯುವ ವಿಶ್ಲೇಷಕಿಯೊಬ್ಬರು ನಮ್ಮೊಂದಿಗೆ ಬಹಳ ಹೊತ್ತು ಕುಳಿತು, ತಮ್ಮ ವೃತ್ತಿಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅವರಿಗೆ ನಾನು ಇಂದಿಗೂ ಕೃತಜ್ಞ. ವೆಂಚರ್ ಕ್ಯಾಪಿಟಲ್‌ನವರು ಕೊಡುವುದು ಅವರ ಸ್ವಂತ ಹಣವಲ್ಲ. ಷೇರುಪೇಟೆ ನಿಯಂತ್ರಕ ಸೆಬಿಯ 2012ರ ಪರ್ಯಾಯ ಹೂಡಿಕೆ ನಿಧಿ ನಿಯಮಗಳ ಪ್ರಕಾರ ನೋಂದಾಯಿಸಿದ ಫಂಡ್‌ಗೆ ಶ್ರೀಮಂತರೂ ಸಂಸ್ಥೆಗಳೂ ಹಣ ಹಾಕಿರುತ್ತಾರೆ; ಸಾಮಾನ್ಯವಾಗಿ ಒಬ್ಬ ಹೂಡಿಕೆದಾರ ಕನಿಷ್ಠ 1 ಕೋಟಿ ರೂಪಾಯಿ ಹಾಕಬೇಕು. ಒಂದು ಫಂಡ್ 400 ಕೋಟಿಯದು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇಕಡ 2ರಂತೆ ನಿರ್ವಹಣಾ ಶುಲ್ಕ ಹೋದರೆ 10 ವರ್ಷದಲ್ಲಿ ಸುಮಾರು 80 ಕೋಟಿ ಅದಕ್ಕೇ ಆಯಿತು. ಉಳಿದ 320 ಕೋಟಿಯನ್ನು ಇಪ್ಪತ್ತೈದು ಕಂಪನಿಗಳಿಗೆ ಹಂಚಿದರೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಂಪನಿಗಳಿಂದ ಹಾಕಿದ ಹಣವೂ ಹಿಂದಿರುಗುವುದಿಲ್ಲ ಎಂದೇ ಅವರು ಲೆಕ್ಕ ಹಾಕುತ್ತಾರೆ. ಆದ್ದರಿಂದ ಗೆಲ್ಲುವ ಒಂದೆರಡು ಕಂಪನಿಗಳೇ ಇಡೀ ಫಂಡನ್ನು ಹಿಂದಿರುಗಿಸಬೇಕು. ಕಡೆಯಲ್ಲಿ ಅವರ ಪಾಲು ಶೇಕಡ 10 ಉಳಿದಿದ್ದರೆ, 400 ಕೋಟಿ ಬರಲು ಆ ಕಂಪನಿಯ ಬೆಲೆ 4,000 ಕೋಟಿ ಆಗಿರಬೇಕು. "ನಿಮ್ಮ ಕಂಪನಿ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ ಸಾರ್. ಅದು 4,000 ಕೋಟಿ ಆಗೋ ದಾರಿ ನಿಮಗೆ ಕಾಣ್ತಿದೆಯಾ ಅಂತ ಕೇಳ್ತಿದ್ದೀನಿ" ಎಂದರು.

ಆ ಲೆಕ್ಕ ನನ್ನ ಮನಸ್ಸಿನಲ್ಲಿ ಅಚ್ಚಾಗಿ ಉಳಿದಿದೆ. ಮಂಡ್ಯ ಜಿಲ್ಲೆಯ ಪ್ರತಿಯೊಂದು ಆಲೆಮನೆಗೆ ಉಪಕರಣ ಅಳವಡಿಸಿದರೂ ನಾವು ಆ ಮೊತ್ತದ ಹತ್ತಿರಕ್ಕೂ ಹೋಗುವುದಿಲ್ಲ. ಕೊಲ್ಹಾಪುರ, ಮುಜಫ್ಫರ್‌ನಗರದಂತಹ ದೊಡ್ಡ ಬೆಲ್ಲದ ನಾಡುಗಳನ್ನೂ ಸೇರಿಸಿ, ಬೆಲ್ಲದಾಚೆಗೆ ಗಾಣದೆಣ್ಣೆ, ಅರಿಶಿನ, ಮೆಣಸಿನಂತಹ ಸಣ್ಣ ಸಂಸ್ಕರಣೆಯ ಸರಕುಗಳಿಗೂ ಇದೇ ದಾಖಲೆಯ ವ್ಯವಸ್ಥೆ ವಿಸ್ತರಿಸಿದರೆ ಮಾತ್ರ ಆ ಪ್ರಶ್ನೆಗೆ ಉತ್ತರದ ಆರಂಭ ಸಿಗುತ್ತದೆ. ಅದು ಮುಂದಿನ ಕೆಲಸ. ಇವತ್ತಿಗೆ ನಮಗೆ ಬೇಕಾದ ಹಣ ವೆಂಚರ್ ಕ್ಯಾಪಿಟಲ್ ಅಲ್ಲ. ಹಾಗಾದರೆ ಯಾವುದು ಎಂಬುದಕ್ಕೂ ಅದೇ ಸಭಾಂಗಣದಲ್ಲಿ ಸುಳಿವು ಸಿಕ್ಕಿತು. ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಷೇರು ಬಿಟ್ಟುಕೊಡಬೇಕಾಗಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ತಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಯೋಜನೆಯಲ್ಲಿ ಮಾದರಿ ರೂಪಿಸಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನವನ್ನು ಇನ್‌ಕ್ಯುಬೇಟರ್‌ಗಳ ಮೂಲಕವೇ ಕೊಡುವ ಏರ್ಪಾಡು ಮಾಡಲಾಗಿತ್ತು. ಈ ಯೋಜನೆಗಳ ಹೆಸರು ನಮಗೆ ಮೊದಲೇ ಗೊತ್ತಿತ್ತು. ಆದರೆ ಎಲಿವೇಟ್ ಅನುದಾನ ಪಡೆದ ಸಂಸ್ಥಾಪಕರು ಸ್ಟಾರ್ಟಪ್ ವಿಭಾಗದ ತುಂಬ ಇದ್ದರು. ಆಯ್ಕೆ ಸಮಿತಿಯ ಮುಂದೆ ಏನು ತೋರಿಸಬೇಕು, ಹಣ ಕಂತುಗಳಲ್ಲಿ ಬರುವಾಗ ಖರ್ಚಿನ ಲೆಕ್ಕವನ್ನು ಹೇಗೆ ಇಡಬೇಕು ಎಂಬುದನ್ನೆಲ್ಲ ಅವರು ತಮ್ಮ ಕಾಗದಗಳನ್ನೇ ತೋರಿಸಿ ಹೇಳಿಕೊಟ್ಟರು. ಅದೇ ಹಾದಿಯಲ್ಲಿ ಒಂದು ವರ್ಷ ಮುಂದಿರುವವರಷ್ಟು ಒಳ್ಳೆಯ ಗುರುಗಳು ಬೇರೆ ಇಲ್ಲ.

ಕೃಷಿ ಇಲಾಖೆಯ ಅಧಿಕಾರಿಯೊಬ್ಬರು ಸ್ಟಾಲ್‌ಗೆ ಬಂದಾಗ ಇನ್ನೊಂದು ಬಾಗಿಲು ತೆರೆಯಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಮಂಡ್ಯಕ್ಕೆ 'ಒಂದು ಜಿಲ್ಲೆ ಒಂದು ಉತ್ಪನ್ನ'ವಾಗಿ ಆಯ್ಕೆಯಾಗಿರುವುದು ಬೆಲ್ಲವೇ. ಘಟಕವನ್ನು ಮೇಲ್ದರ್ಜೆಗೆ ಏರಿಸಲು ಸಾಲ ಪಡೆದ ಮಾಲೀಕರಿಗೆ ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಡುವ ಏರ್ಪಾಡು ಅದರಲ್ಲಿತ್ತು. ಆಲೆಮನೆಯವರು ಹೊಸ ಒಲೆ, ಸ್ಟೀಲ್ ಕೊಪ್ಪರಿಗೆ ಹಾಕಿಸುವಾಗಲೇ ಅಳತೆಯ ಉಪಕರಣವನ್ನೂ ಯೋಜನಾ ವರದಿಯಲ್ಲಿ ಸೇರಿಸುವ ಬಗ್ಗೆ ಬ್ಯಾಂಕಿನವರ ಹತ್ತಿರ ಮಾತಾಡಿ ಎಂದು ಅವರು ಸಲಹೆ ಕೊಟ್ಟರು. ನಮ್ಮ ಜಿಲ್ಲೆಯ ವಿಷಯವನ್ನು ನಮಗೆ ಮಾದಾವರದಲ್ಲಿ ಯಾರೋ ಹೇಳಬೇಕಾಯಿತು ಎನ್ನುವುದರಲ್ಲಿ ನನಗೆ ಸಂಕೋಚವಿಲ್ಲ; ಕಚೇರಿಗಳಲ್ಲಿ ಮೇಜಿನಾಚೆ ಕುಳಿತು ಸಿಗದ ಸಮಯ ಅಧಿಕಾರಿಗಳಿಗೂ ಇಂಥ ಕಡೆ ಸಿಗುತ್ತದೆ.

ವೇದಿಕೆಯ ಮೇಲಿನ ಚರ್ಚೆಗಳ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಕೃತಕ ಬುದ್ಧಿಮತ್ತೆ ಜಗತ್ತನ್ನು ಹೇಗೆ ಬದಲಿಸುತ್ತದೆ ಎಂಬಂತಹ ದೊಡ್ಡ ಶೀರ್ಷಿಕೆಯ ಗೋಷ್ಠಿಗಳಿಂದ ಸಣ್ಣ ಕಂಪನಿಯವರು ಮನೆಗೆ ಒಯ್ಯುವಂಥದ್ದು ಹೆಚ್ಚಿರುವುದಿಲ್ಲ. ಅದೇ ಚಿಕ್ಕ ಕೊಠಡಿಗಳಲ್ಲಿ ವಕೀಲರು, ಲೆಕ್ಕಪರಿಶೋಧಕರು ನಡೆಸುವ ಕಾರ್ಯಾಗಾರಗಳನ್ನು ತಪ್ಪಿಸಬಾರದು. ಟರ್ಮ್ ಶೀಟ್ (ಹೂಡಿಕೆಯ ಷರತ್ತುಗಳ ಪಟ್ಟಿ) ಓದುವುದು ಹೇಗೆ ಎಂಬ ಒಂದು ಕಾರ್ಯಾಗಾರದಲ್ಲಿ ಕಂಪನಿ ಮಾರಾಟವಾದಾಗ ಹೂಡಿಕೆದಾರರಿಗೆ ಮೊದಲು ಹಣ ಸಿಗಬೇಕೆನ್ನುವ ಲಿಕ್ವಿಡೇಷನ್ ಪ್ರಿಫರೆನ್ಸ್ ಎಂಬ ಷರತ್ತನ್ನು ಉದಾಹರಣೆಯೊಂದಿಗೆ ವಿವರಿಸಿದರು. ಹೂಡಿಕೆದಾರ 2 ಕೋಟಿ ಕೊಟ್ಟು ಶೇಕಡ 20 ಪಾಲು ಪಡೆದಿದ್ದಾನೆ, ಕಂಪನಿ ಕಡೆಗೆ 5 ಕೋಟಿಗೆ ಮಾರಾಟವಾಯಿತು ಎನ್ನೋಣ. ಷರತ್ತು 'ನಾನ್-ಪಾರ್ಟಿಸಿಪೇಟಿಂಗ್' ಬಗೆಯದಾದರೆ, ಆತ ತನ್ನ 2 ಕೋಟಿ ಅಥವಾ ಶೇಕಡ 20ರ ಪಾಲಾದ 1 ಕೋಟಿ, ಇವೆರಡರಲ್ಲಿ ಹೆಚ್ಚಿನದನ್ನು ಪಡೆಯುತ್ತಾನೆ; ಸಂಸ್ಥಾಪಕರಿಗೆ 3 ಕೋಟಿ ಉಳಿಯುತ್ತದೆ. 'ಪಾರ್ಟಿಸಿಪೇಟಿಂಗ್' ಆದರೆ ಮೊದಲು 2 ಕೋಟಿ ತೆಗೆದುಕೊಂಡು, ಉಳಿದ 3 ಕೋಟಿಯಲ್ಲೂ ಶೇಕಡ 20 ಪಡೆಯುತ್ತಾನೆ. ಸಂಸ್ಥಾಪಕರ ಪಾಲು 2.4 ಕೋಟಿಗೆ ಇಳಿಯುತ್ತದೆ. ಒಂದು ಪದದ ವ್ಯತ್ಯಾಸಕ್ಕೆ 60 ಲಕ್ಷ. ಕೊಠಡಿಯಲ್ಲಿದ್ದ ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು.

ಅದೇ ಕಾರ್ಯಾಗಾರದಲ್ಲಿ ಕೇಳಿದ ಇನ್ನೆರಡು ಸಂಗತಿಗಳು ಮಂಡ್ಯದಂತಹ ಊರಿನವರಿಗೆ ವಿಶೇಷವಾಗಿ ಬೇಕಾದವು. ನಮ್ಮ ಕಡೆ ಅಕ್ಕಿ ಗಿರಣಿ ನಡೆಸುವವರು, ಜಮೀನು ಮಾರಿ ಹಣ ಕಂಡವರು, "ನಮ್ಮ ಹುಡುಗರು ಏನೋ ಮಾಡ್ತಾವ್ರೆ, ನಾವೂ ಒಂದಷ್ಟು ಹಾಕ್ತೀವಿ" ಎಂದು ಪ್ರೀತಿಯಿಂದ ಮುಂದೆ ಬರುತ್ತಾರೆ. 2012ರಲ್ಲಿ ಬಂದ ಏಂಜೆಲ್ ತೆರಿಗೆಯ ಪ್ರಕಾರ ಇಂತಹವರು ನ್ಯಾಯಬೆಲೆಗಿಂತ ಹೆಚ್ಚು ಕೊಟ್ಟು ಷೇರು ಕೊಂಡರೆ ಆ ಹೆಚ್ಚಿನ ಮೊತ್ತವನ್ನು ಕಂಪನಿಯ ಆದಾಯವೆಂದು ಪರಿಗಣಿಸಿ ತೆರಿಗೆ ಹಾಕುತ್ತಿದ್ದರು. 2024ರ ಜುಲೈ ಬಜೆಟ್ ಅದನ್ನು ಎಲ್ಲ ಬಗೆಯ ಹೂಡಿಕೆದಾರರಿಗೂ ರದ್ದು ಮಾಡಿತು. ಆದರೆ ಕಂಪನಿ ಕಾಯ್ದೆಯ 42ನೇ ಕಲಂ ಹಾಗೆಯೇ ಇದೆ: ಷೇರು ಕೊಡುವ ಪ್ರಸ್ತಾವವನ್ನು ಹೆಸರು ಹೆಸರಾಗಿ ಗುರುತಿಸಿದವರಿಗೆ ಮಾತ್ರ ಕೊಡಬೇಕು, ಒಂದು ಹಣಕಾಸು ವರ್ಷದಲ್ಲಿ 200 ಜನರನ್ನು ಮೀರಬಾರದು, ಹಣ ಬ್ಯಾಂಕ್ ಮೂಲಕವೇ ಬರಬೇಕು, ಬಂದ 60 ದಿನಗಳೊಳಗೆ ಷೇರು ಹಂಚಿಕೆಯಾಗಬೇಕು. ಚೀಟಿ ಹಣದಂತೆ ಕೈಗೆ ಕೊಟ್ಟು ಬಾಯಿಮಾತಿನಲ್ಲಿ ಪಾಲು ಒಪ್ಪುವ ನಮ್ಮ ಊರಿನ ರೂಢಿ ಇಲ್ಲಿ ನಡೆಯುವುದಿಲ್ಲ. ಮುಂದೆ ದೊಡ್ಡ ಹೂಡಿಕೆದಾರರು ಬಂದು ದಾಖಲೆ ತೆರೆದಾಗ ಇಂಥದ್ದೊಂದು ಕಂಡರೆ ಮಾತುಕತೆಯೇ ನಿಂತುಹೋಗುತ್ತದೆ. ಊರಿಗೆ ಬಂದ ಮೇಲೆ ಇದನ್ನು ಹಣ ಹಾಕಲು ಮುಂದೆ ಬಂದಿದ್ದ ಹಿರಿಯರೊಬ್ಬರಿಗೆ ವಿವರಿಸಿದೆ. ಅವರು ಬೇಸರಪಡಲಿಲ್ಲ, ತಮ್ಮ ಆಡಿಟರನ್ನು ಕರೆದುಕೊಂಡು ಬಂದರು.

ಎಚ್ಚರದ ಮಾತೊಂದನ್ನೂ ಹೇಳಬೇಕು. ಸಮ್ಮೇಳನಗಳಲ್ಲಿ ಹೂಡಿಕೆದಾರರ ಪರಿಚಯ ಮಾಡಿಸುತ್ತೇವೆ ಎಂದು ಮುಂಗಡ ಹಣ ಕೇಳುವವರು ಸುಳಿಯುತ್ತಿರುತ್ತಾರೆ. ನಮ್ಮನ್ನೂ ಒಬ್ಬರು ಪಕ್ಕಕ್ಕೆ ಕರೆದು, ನೋಂದಣಿ ಶುಲ್ಕ ಕಟ್ಟಿದರೆ ಖಾಸಗಿ ಕೂಟವೊಂದರಲ್ಲಿ ಪಿಚ್ ಮಾಡಲು ಅವಕಾಶ ಕೊಡಿಸುವುದಾಗಿ ಹೇಳಿದರು. ಹಣ ಹಾಕುವ ಫಂಡ್ ಸಂಸ್ಥಾಪಕರ ಮಾತು ಕೇಳುವುದಕ್ಕೆ ಶುಲ್ಕ ಪಡೆಯುವುದಿಲ್ಲ. ಆ ಕೂಟಕ್ಕೆ ಬರುವ ಫಂಡ್‌ಗಳ ಹೆಸರು, ಅವರು ಹಿಂದೆ ಹಣ ಕೊಡಿಸಿದ ಕಂಪನಿಗಳ ಹೆಸರು ಕೇಳಿದರೆ ಉತ್ತರ ತಡವರಿಸುತ್ತದೆ, ಅಷ್ಟು ಸಾಕು. ಸಣ್ಣ ಊರಿನಿಂದ ಬಂದ ಹುಡುಗರೇ ಇವರ ಕಣ್ಣಿಗೆ ಬೀಳುವುದು ಎಂಬುದು ನನಗೆ ನೋವು ತರುತ್ತದೆ.

ಸಮ್ಮೇಳನದ ಕೆಲಸದ ದೊಡ್ಡ ಪಾಲು ಅದು ಮುಗಿದ ಮೇಲೆ ಇರುತ್ತದೆ. ರಾತ್ರಿಯ ರೈಲಿನಲ್ಲಿ ರಾಮನಗರ ದಾಟುವ ಮೊದಲೇ ನಾವಿಬ್ಬರೂ ಭೇಟಿಯಾದವರ ಹೆಸರು, ಅವರು ಕೇಳಿದ್ದು, ನಾವು ಕಳುಹಿಸುತ್ತೇವೆಂದು ಹೇಳಿದ್ದು ಎಲ್ಲವನ್ನೂ ಬರೆದು ಮುಗಿಸುತ್ತಿದ್ದೆವು. ಮರುದಿನಕ್ಕೆ ಇಟ್ಟರೆ ಮುಖಗಳು ಕಲಸಿಹೋಗುತ್ತವೆ. ಎರಡು ದಿನದೊಳಗೆ ಪ್ರತಿಯೊಬ್ಬರಿಗೂ ಅವರು ಕೇಳಿದ ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿ ಬರೆದು, ಅದಕ್ಕೆ ಉತ್ತರ ಸೇರಿಸಿ ಪತ್ರ ಕಳುಹಿಸಿದೆವು. ಹೂಡಿಕೆದಾರರು ನೇರವಾಗಿ "ಇಲ್ಲ" ಎನ್ನುವುದು ಅಪರೂಪ. "ಇನ್ನೂ ಸ್ವಲ್ಪ ಬೇಗ ಆಯಿತು" ಎನ್ನುತ್ತಾರೆ. ಅದನ್ನು ನಿರಾಕರಣೆ ಎಂದು ತಿಳಿಯದೆ, "ಯಾವುದನ್ನು ನೋಡಿದರೆ ಬೇಗ ಅನ್ನಿಸುವುದಿಲ್ಲ?" ಎಂದು ಮರಳಿ ಕೇಳಬೇಕು. ಆ ವಿಶ್ಲೇಷಕಿ ಇದಕ್ಕೆ ಖಚಿತವಾಗಿ ಉತ್ತರಿಸಿದರು: ಒಂದು ಹಂಗಾಮಿನ ಪೂರ್ತಿ ದಾಖಲೆ, ಮೇಲುದರ ಕೊಟ್ಟು ಕೊಂಡ ಖರೀದಿದಾರರ ಬಿಲ್ಲುಗಳು, ಬೆಲ್ಲವಲ್ಲದ ಇನ್ನೊಂದು ಸರಕಿನಲ್ಲಿ ಒಂದು ಪ್ರಯೋಗ. ಅಂದಿನಿಂದ ತಿಂಗಳಿಗೊಂದು ಪುಟದ ವರದಿಯನ್ನು ಅವರಿಗೂ ಇನ್ನು ಕೆಲವರಿಗೂ ತಪ್ಪದೆ ಕಳುಹಿಸುತ್ತಿದ್ದೇವೆ. ಒಳ್ಳೆಯ ಸುದ್ದಿ ಇಲ್ಲದ ತಿಂಗಳೂ ಕಳುಹಿಸುತ್ತೇವೆ.

ಯಾವ ಸಮ್ಮೇಳನಕ್ಕೆ ಹೋಗಬೇಕು ಎಂದು ಕೇಳುವ ಕಿರಿಯರಿಗೆ ನಾನು ಹೇಳುವುದು ಹೀಗೆ. ಮೊದಲು ಮೈಸೂರಿನಲ್ಲಿ ಟೈ ಮತ್ತು ಡಿಜಿಟಲ್ ಎಕಾನಮಿ ಮಿಷನ್ ನಡೆಸುವ ಕಾರ್ಯಕ್ರಮಗಳಲ್ಲಿ ಮಾತಾಡಿ ನಾಲಗೆ ಪಳಗಿಸಿಕೊಳ್ಳಿ. ಅಲ್ಲಿ ಜನ ಕಡಿಮೆ, ಆದ್ದರಿಂದ ಸಿಗುವ ಗಮನ ಹೆಚ್ಚು. ಆಮೇಲೆ ಬೆಂಗಳೂರಿಗೆ ಹೋಗಿ. ದೆಹಲಿಯ ಭಾರತ ಮಂಟಪದಲ್ಲಿ 2024ರಿಂದ ನಡೆಯುತ್ತಿರುವ ಸ್ಟಾರ್ಟಪ್ ಮಹಾಕುಂಭದಂತಹ ಬೃಹತ್ ಮೇಳಗಳಿಗೆ ಬೇರೆ ರಾಜ್ಯಗಳ ಗ್ರಾಹಕರು ಬೇಕಾಗುವ ಹಂತದಲ್ಲಿ ಹೋದರೆ ಪ್ರಯೋಜನ. ಅದಕ್ಕೂ ಮೊದಲು ಹೋದರೆ ಖರ್ಚೇ ಹೆಚ್ಚು. ಕೃಷಿಗೆ ಸಂಬಂಧಿಸಿದ ಕೆಲಸವಾದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳವನ್ನು ಯಾವ ಕಾರಣಕ್ಕೂ ಬಿಡಬೇಡಿ. ಹೂಡಿಕೆದಾರರು ಟೆಕ್ ಸಮಿಟ್‌ನಲ್ಲಿ ಸಿಗುತ್ತಾರೆ, ಆದರೆ ಉಪಕರಣವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇದ್ರ ವೈರು ಇಲಿ ಕಡಿದ್ರೆ ಏನ್ ಮಾಡ್ತೀರಿ?" ಎಂದು ಕೇಳುವ ರೈತರು ಸಿಗುವುದು ಕೃಷಿ ಮೇಳದಲ್ಲಿ. ಆ ಪ್ರಶ್ನೆಯ ನಂತರ ನಾವು ವೈರುಗಳಿಗೆ ಉಕ್ಕಿನ ಕವಚ ಹಾಕಿದೆವು.

ಈಗ ನಮ್ಮ ಉಪಕರಣ ಪಾಂಡವಪುರ ಮತ್ತು ಮದ್ದೂರು ತಾಲ್ಲೂಕುಗಳ ಕೆಲವು ಆಲೆಮನೆಗಳಲ್ಲಿ ಕೆಲಸ ಮಾಡುತ್ತಿದೆ. ರಫ್ತು ಕಂಪನಿಯ ಆ ಅಧಿಕಾರಿ ಪ್ರಾಯೋಗಿಕವಾಗಿ ಕೊಂಡ ಸರಕಿನ ಪರೀಕ್ಷಾ ವರದಿಗಳು ಬಂದಿವೆ, ಮೇಲುದರದ ಹಣ ಆಲೆಮನೆಯವರ ಖಾತೆಗೆ ನೇರವಾಗಿ ಜಮೆಯಾಗಿದೆ. ಎಲಿವೇಟ್‌ಗೆ ಅರ್ಜಿ ಸಲ್ಲಿಸಿದ್ದೇವೆ. ವಿಶ್ಲೇಷಕಿ ಕೇಳಿದ್ದರಲ್ಲಿ ಹಂಗಾಮಿನ ದಾಖಲೆಯೂ ಬಿಲ್ಲುಗಳೂ ಸಿದ್ಧವಾಗಿವೆ. ಎರಡನೆಯ ಸರಕಿಗೆಂದು ಗಾಣದೆಣ್ಣೆ ತೆಗೆಯುವ ಮೈಸೂರಿನ ಮಹಿಳಾ ಸಂಘವೊಂದರೊಂದಿಗೆ ಮಾತುಕತೆ ನಡೆದಿದೆ, ಅವರ ಗಾಣಕ್ಕೆ ಸೆನ್ಸರ್ ಕೂರಿಸುವ ಕೆಲಸ ಮುಂದಿನ ವಾರ ಆರಂಭವಾಗುತ್ತದೆ.